ಮಳೆಯ ಲೆಕ್ಕ, ಹೊಗೆಯ ಲೆಕ್ಕ

ಪಡುವಣ ಕರಾವಳಿಯಲ್ಲಿ ಹುಟ್ಟಿದವನಿಗೆ ಮಳೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡು ನಮ್ಮದು. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬಂದುಬಿಡುತ್ತದೆ. ಬಯಲುಸೀಮೆಯ ನೆಂಟರೊಬ್ಬರು ಒಮ್ಮೆ ಆಟಿ ತಿಂಗಳಿನಲ್ಲಿ ನಮ್ಮ ಮನೆಗೆ ಬಂದು, ಮೂರು ದಿನ ಜಗಲಿಯಲ್ಲಿಯೇ ಕುಳಿತು, “ನಿಮ್ಮಲ್ಲಿ ಸೂರ್ಯನೆಂಬವನು ಉಂಟೋ ಇಲ್ಲವೋ?” ಎಂದು ಕೇಳಿದರು. ಉಂಟು, ಆದರೆ ಅವನಿಗೆ ಈಗ ರಜೆ ಎಂದು ನನ್ನ ತಂದೆಯವರು ಉತ್ತರ ಕೊಟ್ಟರು. ಆ ರಜೆಯ ಆರಂಭವೂ ಮುಕ್ತಾಯವೂ ಗೊತ್ತಾದ ಕಾಲದಲ್ಲಿ ನಡೆಯುತ್ತಿದ್ದುದರಿಂದ ಅದನ್ನು ಹಾಸ್ಯ ಮಾಡುವಷ್ಟು ಧೈರ್ಯ ಅವರಿಗಿತ್ತು.

ನಮ್ಮ ಊರು ರಾಮಕುಂಜ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಗೆ ಸಮೀಪದ ಹಳ್ಳಿ. ಮೊದಲು ಪುತ್ತೂರು ತಾಲ್ಲೂಕಿಗೆ ಸೇರಿದ್ದುದು, ಈಗ ಕಡಬ ತಾಲ್ಲೂಕಿನಲ್ಲಿದೆ. ಪೇಜಾವರ ಮಠದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಊರೆಂದು ಹೊರಗಿನವರು ಇದನ್ನು ಬಲ್ಲರು. ಒಳಗಿನವರಿಗೆ ಇದು ಗುಡ್ಡ, ತೋಡು ಮತ್ತು ಕಂಗಿನ ತೋಟಗಳ ಊರು. ಸುತ್ತಲಿನ ತೋಡುಗಳೆಲ್ಲ ಇಳಿದು ಕುಮಾರಧಾರೆಯನ್ನು ಸೇರುತ್ತವೆ. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮಳೆ ಬಲವಾದ ವರ್ಷ ಎರಡು ನದಿಗಳ ನೀರೂ ಏರಿ ಬಂದು ಅಲ್ಲಿಯ ಸಹಸ್ರಲಿಂಗೇಶ್ವರ ದೇವಾಲಯದ ಎದುರಿನಲ್ಲಿ ಒಂದನ್ನೊಂದು ಮುಟ್ಟುತ್ತವೆ. ಅದಕ್ಕೆ ಜನರು ಸಂಗಮವೆನ್ನುತ್ತಾರೆ, ಪೂಜೆ ಸಲ್ಲಿಸುತ್ತಾರೆ. ಮನೆಮನೆಗಳಲ್ಲಿ “ಈ ವರ್ಷ ಸಂಗಮವಾಯಿತೇ?” ಎಂಬ ಪ್ರಶ್ನೆ ಮಳೆಗಾಲದ ಕುಶಲಪ್ರಶ್ನೆಯಾಗಿರುತ್ತದೆ.

ತುಳುನಾಡಿನ ಪಂಚಾಂಗದಲ್ಲಿ ಬೇಶ ತಿಂಗಳಿನ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಮೇ 24ರ ಸುಮಾರಿಗೆ ಅದು ಬರುತ್ತದೆ. ಅಂದಿಗೆ ಕೋಲ, ನೇಮ, ಜಾತ್ರೆಗಳು ಮುಗಿಯುತ್ತವೆ; ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕೆಂಬುದು ಹಿರಿಯರ ಮಾತು. ಹತ್ತು ಹನಿ ಎಂಬಲ್ಲಿಯ ಮಿತಿಯನ್ನು ಗಮನಿಸಿರಿ. ಅದು ಮಳೆಯಲ್ಲ, ಮಳೆಯ ಓಲೆ. ಆ ಓಲೆ ಬಂದ ಮೇಲೆ ಮನೆಯ ಮಾಡು ಸರಿಮಾಡಲು, ಸೌದೆಯನ್ನು ಒಳಗಿಡಲು, ತೋಟದ ಕಣಿಗಳನ್ನು ಬಿಡಿಸಲು ಎರಡು ವಾರಗಳ ಅವಕಾಶವಿರುತ್ತಿತ್ತು. ಜಾತ್ರೆಯಿಂದ ಕೃಷಿಗೆ ಊರೇ ಹೊರಳಿಕೊಳ್ಳುವ ಸಮಯವದು. ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಹೆಸರುಗಳೂ ಈ ಲೆಕ್ಕದಿಂದ ಹುಟ್ಟಿದವು.

ಈ ಲೆಕ್ಕ ತಪ್ಪುತ್ತಿರುವುದನ್ನು ನಾವು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದುದು ಜೂನ್ 8ರಂದು. ಅದೇ ವರ್ಷದ ಆಗಸ್ಟ್ ತಿಂಗಳು, 1901ರಿಂದ ಇಟ್ಟ ಲೆಕ್ಕದಲ್ಲಿ, ಭಾರತದ ಅತ್ಯಂತ ಒಣ ಆಗಸ್ಟ್ ಆಯಿತು. ಆಟಿಯ ಜಡಿಮಳೆಯಲ್ಲಿ ಒದ್ದೆಯಾಗಬೇಕಾಗಿದ್ದ ಅಂಗಳದಲ್ಲಿ ಧೂಳು ಹಾರಿತು. ಎರಡು ವರ್ಷಗಳ ಬಳಿಕ, 2025ರಲ್ಲಿ, ಮುಂಗಾರು ಕೇರಳಕ್ಕೆ ಕಾಲಿಟ್ಟುದು ಮೇ 24ರಂದು; 2009ರ ಬಳಿಕ ಅಷ್ಟು ಬೇಗ ಅದು ಬಂದಿರಲಿಲ್ಲ. ಪತ್ತನಾಜೆಯ ದಿನವೇ ಅದು. ಹತ್ತು ಹನಿ ಕೇಳಿದ್ದ ಹಿರಿಯರ ಮಾತನ್ನು ಆಕಾಶವು ಅತಿಯಾಗಿ ನಡೆಸಿಕೊಟ್ಟಿತು. ಜಿಲ್ಲೆಯಲ್ಲಿ ಮೇ ತಿಂಗಳಿನ ಕೊನೆಯ ವಾರವೆಲ್ಲ ಧಾರಾಕಾರ ಮಳೆ.

ಬೇಗ ಮಳೆ ಬಂದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಡಿಕೆಯ ಕೃಷಿಕನನ್ನು ಕೇಳಿದರೆ ಉತ್ತರ ಬೇರೆ. ಕೊಳೆರೋಗವೆಂಬ ಒಂದು ಬಾಧೆ ನಮ್ಮ ತೋಟಗಳಿಗೆ ಹಿಂದಿನಿಂದಲೂ ಉಂಟು; ಮಹಾಳಿ ಎಂದೂ ಅದನ್ನು ಕರೆಯುತ್ತಾರೆ. ಮಳೆಗಾಲದಲ್ಲಿ ಎಳೆಯ ಕಾಯಿಗಳ ಮೇಲೆ ನೀರಿನಲ್ಲಿ ನೆನೆದಂತಹ ಮಚ್ಚೆಗಳು ಮೂಡುತ್ತವೆ. ಕೆಲವು ದಿನಗಳಲ್ಲಿ ಕಾಯಿ ಹಸಿರು ಬಣ್ಣ ಕಳೆದುಕೊಂಡು, ತೊಟ್ಟು ಕಳಚಿ, ನೆಲಕ್ಕೆ ಬೀಳುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು. ರಾತ್ರಿ ಮಲಗಿರುವಾಗ ತೋಟದಿಂದ ಕೇಳಿಬರುವ ಟಪ್ ಟಪ್ ಎಂಬ ಸದ್ದು ಮಳೆಹನಿಯದೋ ಕಾಯಿಯದೋ ಎಂದು ಕಿವಿಗೊಟ್ಟು ಕೇಳಿದವರಿಗೆ ಅದರ ಸಂಕಟ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿದ್ದ ಲೆಸ್ಲಿ ಕೋಲ್‌ಮನ್ ಎಂಬವರು ಈ ರೋಗವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ 1910ರಲ್ಲಿ ಒಂದು ಪ್ರಬಂಧವನ್ನು ಹೊರತಂದರು. ಇದಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬೀಜಕಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ನೀರಿನ ತೆಳುವಾದ ಪೊರೆಯಿದ್ದರೆ ಅವುಗಳಿಗೆ ಅದೇ ಹೆದ್ದಾರಿ. ಮಳೆಯಿಂದ ಗೊನೆಯನ್ನು ಕಾಪಾಡಲು ಮಲೆನಾಡಿನವರು ಕರಡದ ಹುಲ್ಲಿನ ಕೊಟ್ಟೆಯನ್ನು ನೇಯ್ದು ಗೊನೆಗೆ ಕಟ್ಟುತ್ತಿದ್ದರು. ಕೊಡೆ ಹಿಡಿಸಿಕೊಂಡ ಗೊನೆಗಳವು!

ಅನಂತರ ಬೋರ್ಡೋ ದ್ರಾವಣವೆಂಬ ಮದ್ದು ಬಂದಿತು. ಅದರ ಕತೆ ಸ್ವಾರಸ್ಯವಾಗಿದೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೆಳೆಗಾರರು ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಷ್ಟುರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಕಂಡು 1885ರಲ್ಲಿ ಲೋಕಕ್ಕೆ ತಿಳಿಸಿದನು. ಕಳ್ಳರನ್ನು ಓಡಿಸಲು ಹುಟ್ಟಿದ ಮದ್ದು ಹೀಗೆ ಸಮುದ್ರ ದಾಟಿ ನಮ್ಮ ಕಂಗಿನ ತಲೆಯನ್ನು ಏರಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು; ಇಷ್ಟೇ ಅದರ ಪಾಕ. ಮಳೆಗಾಲ ಹಿಡಿಯುವ ಮೊದಲೇ ಒಂದು ಸಲ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಂದು ಸಲ ಮದ್ದು ಬಿಡಬೇಕು. ತಂದೆಯವರು ಪಂಚಾಂಗದ ಅಂಚಿನಲ್ಲಿ ಆ ದಿನಗಳನ್ನು ಗುರುತು ಹಾಕಿಡುತ್ತಿದ್ದರು. ಎರಡನೆಯ ಸಲಕ್ಕೆ ಆಟಿಯ ನಡುವೆ ಸಿಗುವ ಒಂದೆರಡು ದಿನಗಳ ಹೊಳವು ಸಾಕಾಗುತ್ತಿತ್ತು.

ಈಗ ಕಷ್ಟವೆಲ್ಲ ಆ ಹೊಳವಿನದು. ಮದ್ದು ಕಾಯಿಗೆ ಹಿಡಿಯಬೇಕಾದರೆ ಸಿಂಪಡಿಸಿದ ಬಳಿಕ ಕೆಲವು ಗಂಟೆಗಳಾದರೂ ಒಣಹವೆ ಬೇಕು. 2025ರಲ್ಲಿ ಮೊದಲನೆಯ ಮದ್ದು ಬಿಡುವ ಮುನ್ನವೇ ಮಳೆ ಹಿಡಿಯಿತು, ಬಿಡುವು ಕೊಡಲಿಲ್ಲ. ಮರವೇರುವವರನ್ನು ಗೊತ್ತುಮಾಡಿ, ಮೈಲುತುತ್ತವನ್ನು ನೆನೆಹಾಕಿ, ಬೆಳಗ್ಗೆ ಎದ್ದು ನೋಡಿದರೆ ಮೂಡಣ ಕಪ್ಪಾಗಿರುತ್ತಿತ್ತು. ನಮ್ಮ ತೋಟಕ್ಕೆ ಬರುವ ಮರವೇರುವಾತ ಜಗಲಿಯ ಅಂಚಿನಲ್ಲಿ ತಳೆಯನ್ನು ಕೈಯಲ್ಲಿ ಹಿಡಿದು ಕುಳಿತು, “ಅಣ್ಣಾ, ನಾನು ಹತ್ತುವುದಕ್ಕೆ ಹೆದರುವುದಿಲ್ಲ. ಆದರೆ ಪಾಚಿ ಕಟ್ಟಿದ ಮರ ನನ್ನನ್ನು ಹಿಡಿದುಕೊಳ್ಳುವುದಿಲ್ಲ” ಎಂದನು. ಅವನ ಮಾತಿಗೆ ನಾನು ಏನು ಹೇಳಲಿ? ಅಡಿಕೆಯ ನಷ್ಟವನ್ನು ಎಲ್ಲರೂ ರೂಪಾಯಿಯಲ್ಲಿ ಹೇಳುತ್ತಾರೆ. ಒದ್ದೆ ಮರದ ಮೇಲೆ ಐವತ್ತು ಅಡಿ ಎತ್ತರದಲ್ಲಿ ಒಬ್ಬ ಮನುಷ್ಯನಿರುತ್ತಾನೆಂಬುದನ್ನು ಆ ಲೆಕ್ಕದಲ್ಲಿ ಸೇರಿಸುವವರು ವಿರಳ. ನೆಲದಲ್ಲಿ ನಿಂತೇ ಮದ್ದು ಬಿಡಲು ಬರುವ ಉದ್ದನೆಯ ಹಗುರವಾದ ದೋಟಿಗಳು ಈಚೆಗೆ ಬಂದಿರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ.

ಇನ್ನು ನೆರೆಯ ವಿಷಯ. ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತನಾಡಬೇಕು. ನೇತ್ರಾವತಿಯ ದೊಡ್ಡ ನೆರೆಗಳು ಹೊಸತಲ್ಲ. 1923ರ ನೆರೆಯನ್ನು ನಮ್ಮ ಅಜ್ಜಿಯರ ಕಾಲದವರು ಮಾರಿಬೊಳ್ಳವೆಂದು ಕರೆಯುತ್ತಿದ್ದರು. 1974ರಲ್ಲಿಯೂ ಬಂಟವಾಳದ ಪೇಟೆ ನೀರಿನಲ್ಲಿ ಮುಳುಗಿತು. ಆದುದರಿಂದ ಬಂದ ಪ್ರತಿಯೊಂದು ನೆರೆಯನ್ನೂ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಜರಿದು, ಮಡಿಕೇರಿ–ಸಂಪಾಜೆ ದಾರಿಯ ಜೋಡುಪಾಲದಲ್ಲಿ ಮಣ್ಣೂ ಮರಗಳೂ ಮನೆಗಳೂ ಒಟ್ಟಿಗೆ ಇಳಿದು ಬಂದುವು. 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಮನೆಯೊಳಗಿದ್ದ ಇಬ್ಬರು ಮಕ್ಕಳು ತೀರಿಕೊಂಡರು. ನದಿ ಏರುವುದನ್ನು ನಾವು ಬಲ್ಲೆವು; ಅದಕ್ಕೆ ಹೆದರುವ ಕ್ರಮವೂ ನಮಗೆ ಗೊತ್ತು. ಮನೆಯ ಹಿಂದಿನ ಗುಡ್ಡಕ್ಕೆ ಹೆದರುವುದನ್ನು ನಮ್ಮ ಹಿರಿಯರು ಕಲಿಸಿರಲಿಲ್ಲ. ಗುಡ್ಡವನ್ನು ಕಡಿದು ದಾರಿ ಮಾಡಿದ, ಮನೆಯ ಅಡಿಪಾಯಕ್ಕಾಗಿ ಅದರ ಬುಡ ತೆಗೆದ ನಮ್ಮ ಕೆಲಸವೂ ಇದರಲ್ಲಿ ಸೇರಿದೆ. ಮೇಲಿನಿಂದ ಸುರಿಯುವ ನೀರಿನ ರೀತಿಯೂ ಬದಲಾಗಿದೆ.

ಅದು ಬದಲಾದುದಕ್ಕೆ ಕಾರಣವನ್ನು ತಿಳಿಯಬೇಕಾದರೆ ನಮ್ಮ ಗುಡ್ಡದಿಂದ ಇಳಿದು ಸಮುದ್ರದ ಕಡೆಗೆ ನೋಡಬೇಕು. ನಮ್ಮ ಮಳೆಯ ತವರು ಅರಬ್ಬೀ ಸಮುದ್ರ. ಹಿಂದಿನ ನಾಲ್ಕು ದಶಕಗಳಿಗೆ ಹೋಲಿಸಿದರೆ ಅದರ ಮೇಲ್ಮೈ ಒಂದು ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಬೆಚ್ಚಗಾಗಿದೆಯೆಂದು ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕಂಡಿದ್ದಾರೆ. ಗಾಳಿ ಒಂದು ಡಿಗ್ರಿಯಷ್ಟು ಬಿಸಿಯಾದರೆ ಅದು ಸುಮಾರು ನೂರಕ್ಕೆ ಏಳು ಪಾಲಿನಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ದೊಡ್ಡ ಚೀಲವನ್ನು ಹೊತ್ತವನು ಅದನ್ನು ತುಂಬಿಸುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ. ತುಂಬಿದ ಮೇಲೆ ಒಮ್ಮೆಲೇ ಸುರಿಯುತ್ತಾನೆ. ಮಳೆಯಿಲ್ಲದ ದಿನಗಳು ನೀಳವಾಗುವುದೂ, ಬಂದಾಗ ಬುಟ್ಟಿ ಮಗುಚಿದಂತೆ ಬರುವುದೂ ಒಂದೇ ಕಾರಣದ ಎರಡು ಮುಖಗಳು. ಅದೇ ಸಂಸ್ಥೆಯ ಅಧ್ಯಯನದಂತೆ, ಮಧ್ಯಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟು ಹೆಚ್ಚಾದುವು.

ಸಮುದ್ರವನ್ನು ಕಾಯಿಸಿದ ಒಲೆ ಯಾವುದು? ಈ ಪ್ರಶ್ನೆಗೆ ಉತ್ತರ ತುಂಬ ಹಳೆಯದು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿಯೇ ಕಾಗದ ಪೆನ್ನು ಹಿಡಿದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾಗಬಹುದೆಂದು ಲೆಕ್ಕ ಹಾಕಿದ್ದನು. ಈ ಅನಿಲವು ಬಿಸಿಲನ್ನು ಒಳಬಿಡುತ್ತದೆ. ನೆಲದಿಂದ ಮರಳುವ ಶಾಖವನ್ನು ತಡೆಯುತ್ತದೆ. ಚಳಿಗೆ ಹೊದೆದ ಕಂಬಳಿಯಂತೆ ಇದು ಇರಲೇಬೇಕು. ಇಲ್ಲದಿದ್ದರೆ ಭೂಮಿ ಮಂಜುಗಡ್ಡೆಯಾಗುತ್ತಿತ್ತು. ಕಷ್ಟವೇನೆಂದರೆ ನಾವು ಬೇಸಿಗೆಯಲ್ಲಿಯೂ ಕಂಬಳಿಯ ಮೇಲೆ ಕಂಬಳಿ ಹೊದೆಯುತ್ತಿದ್ದೇವೆ. ಯಂತ್ರಯುಗಕ್ಕಿಂತ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಈ ಅನಿಲವಿತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ತೊಡಗಿದಾಗ ಅದು ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ. ಇದು ಕಲ್ಲಿದ್ದಲು, ಎಣ್ಣೆ, ನೈಸರ್ಗಿಕ ಅನಿಲ, ಸುಟ್ಟ ಕಾಡು ಇವುಗಳ ಲೆಕ್ಕ. 2024ನೆಯ ವರ್ಷ ಯಂತ್ರಯುಗದ ಮುಂಚಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾದ ಮೊದಲ ವರ್ಷವೆನಿಸಿತು.

ಮದುವೆಮನೆಯ ಅಡುಗೆಯ ಹೊಗೆ ಸಂಜೆಗೆ ಕರಗುತ್ತದೆ. ಈ ಹೊಗೆ ಹಾಗಲ್ಲ. ಒಮ್ಮೆ ಮೇಲೇರಿದ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಳ ಕಾಲ ಅಲ್ಲಿಯೇ ಉಳಿಯುತ್ತದೆ. ಇಂಗ್ಲೆಂಡಿನ ಹಳೆಯ ಗಿರಣಿಗಳ ಹೊಗೆಯ ಶೇಷವೂ ಇಂದಿನ ನಮ್ಮ ಆಟಿಯ ಮೋಡದ ಮೇಲಿದೆ. ಇದರಿಂದಲೇ ರಾಷ್ಟ್ರಗಳ ನಡುವಣ ಜಗಳ ಹುಟ್ಟಿತು. ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಭಾರತೀಯನ ಪಾಲಿಗೆ ಸುಮಾರು 2 ಟನ್. ಉಂಡವನೊಬ್ಬ, ಎಲೆ ಎತ್ತುವವನೊಬ್ಬ ಎಂಬ ನ್ಯಾಯ ಇದು. 1992ರಲ್ಲಿ ರಿಯೋ ನಗರದಲ್ಲಿ ರಾಷ್ಟ್ರಗಳು ಸೇರಿ ಒಂದು ಒಡಂಬಡಿಕೆಗೆ ಬಂದಾಗ, ಹೊಣೆ ಎಲ್ಲರದೂ ಹೌದು, ಆದರೆ ಸಮನಾದುದಲ್ಲವೆಂಬ ತತ್ತ್ವವನ್ನು ಒಪ್ಪಿದುವು. 1997ರ ಕ್ಯೋಟೋ ಒಪ್ಪಂದವು ಮುಂದುವರಿದ ದೇಶಗಳಿಗೆ ಮಾತ್ರ ಹೊಗೆ ತಗ್ಗಿಸುವ ಕಟ್ಟುಪಾಡು ವಿಧಿಸಿತು. ಅಮೆರಿಕ ಅದನ್ನು ಸ್ಥಿರೀಕರಿಸಲೇ ಇಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿಯೊಂದು ದೇಶವೂ ತನ್ನ ಶಕ್ತ್ಯನುಸಾರ ವಚನ ಕೊಡುವ ಪದ್ಧತಿ ಬಂತು. ಇದರಿಂದ ಅಮೆರಿಕ ಒಮ್ಮೆ ಹೊರನಡೆದು, ಮತ್ತೆ ಒಳಬಂದು, 2025ರಲ್ಲಿ ಮತ್ತೆ ಹೊರಹೋಗುವುದಾಗಿ ಸಾರಿತು. ನಮ್ಮ ಊರಿನ ಕೂಡುಕುಟುಂಬಗಳ ಪಾಲುಪಂಚಾಯಿತಿಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಭಾರತ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ, 2070ರ ಹೊತ್ತಿಗೆ ತಾನು ಹೊರಬಿಡುವ ಹೊಗೆಯನ್ನೂ ಹೀರಿಕೊಳ್ಳುವುದನ್ನೂ ಸರಿದೂಗಿಸುವುದಾಗಿ ಹೇಳಿತು. ವಿದ್ಯುದುತ್ಪಾದನೆಯ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆಗಳಲ್ಲದ ಮೂಲಗಳಿಂದ ಇರಬೇಕೆಂಬ ಗುರಿಗೆ ಕೊಟ್ಟಿದ್ದ ಗಡುವು 2030. ಆ ಅರ್ಧ 2025ರ ಜೂನ್ ತಿಂಗಳಿನಲ್ಲಿಯೇ ಆಯಿತು. ಇದು ಹೆಮ್ಮೆಯ ಮಾತು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಹಟ್ಟಿಯಲ್ಲಿ ಹತ್ತು ದನಗಳಿದ್ದರೆ ಹತ್ತೂ ಹಾಲು ಕೊಡುತ್ತವೆಂದಲ್ಲ. ಸೂರ್ಯ ರಾತ್ರಿ ಇಲ್ಲ, ಗಾಳಿ ಹೇಳಿದಂತೆ ಬೀಸುವುದಿಲ್ಲ. ಆದುದರಿಂದ ದೇಶದಲ್ಲಿ ನಿಜವಾಗಿ ಹುಟ್ಟುವ ವಿದ್ಯುತ್ತಿನ ಹತ್ತರಲ್ಲಿ ಸುಮಾರು ಏಳು ಪಾಲು ಇನ್ನೂ ಕಲ್ಲಿದ್ದಲಿನದೇ. ಪತ್ರಿಕೆಯಲ್ಲಿ ಮೊದಲನೆಯ ಅಂಕಿಯನ್ನು ಓದಿ ಸಂತೋಷಪಡುವಾಗ ಎರಡನೆಯದನ್ನೂ ಕೇಳುವ ಅಭ್ಯಾಸ ನಿಮಗಿರಲಿ.

ನನ್ನ ಮನೆಯ ದೀಪದ ಗುಂಡಿಯನ್ನು ಒತ್ತುವಾಗ ಎರಡು ಊರುಗಳು ನೆನಪಾಗುತ್ತವೆ. ಒಂದು, ಪಡುಬಿದ್ರಿಯ ಸಮೀಪದ ಎಲ್ಲೂರು. ಅಲ್ಲಿ ಹಡಗಿನಲ್ಲಿ ಬರುವ ಹೊರದೇಶದ ಕಲ್ಲಿದ್ದಲನ್ನು ಸುಟ್ಟು 1,200 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ನಡೆಯುತ್ತದೆ. ಇನ್ನೊಂದು, ತುಮಕೂರು ಜಿಲ್ಲೆಯ ಪಾವಗಡ. ಮಳೆ ಕೈಕೊಟ್ಟು ಬೆಳೆ ಒಣಗಿದ ಆ ಸೀಮೆಯಲ್ಲಿ ರೈತರು ಸುಮಾರು 13,000 ಎಕರೆ ಭೂಮಿಯನ್ನು ಗೇಣಿಗೆ ಕೊಟ್ಟರು, ಮಾರಲಿಲ್ಲ. ಅಲ್ಲಿ 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಪೂರ್ತಿಯಾಯಿತು. ಮಳೆ ಬಾರದ ಊರು ಬಿಸಿಲನ್ನು ಬೆಳೆದು ಮಳೆಯ ಊರಿಗೆ ಕಳುಹಿಸುವುದು ನನಗೆ ಬಹಳ ಮೆಚ್ಚುಗೆಯಾದ ವ್ಯವಹಾರ. ಗೇಣಿಯ ಹಣ ಭೂಮಿಯುಳ್ಳವನಿಗೆ ಬರುತ್ತದೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನು ಬಂತೆಂಬ ಪ್ರಶ್ನೆಯನ್ನೂ ಕೇಳಬೇಕು.

ಮನೆಯ ಮಾಡಿನ ಮೇಲೆಯೇ ಸೌರಫಲಕ ಹಾಕಿಸಲು 2024ರಿಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನ ಸಿಗುತ್ತದೆ. ನಮ್ಮ ಕಡೆ ಕಂಗು, ತೆಂಗು, ಹಲಸು ಮನೆಯನ್ನು ಮುತ್ತಿಕೊಂಡಿರುವುದರಿಂದ ಮಾಡಿಗೆ ಬಿಸಿಲು ಬೀಳಿಸಬೇಕಾದರೆ ಮರ ಕಡಿಯಬೇಕು. ಹೊಗೆ ತಗ್ಗಿಸಲು ಹಲಸಿನ ಮರ ಕಡಿಯಿರೆಂದು ನನ್ನ ತಾಯಿಯವರ ಎದುರಿನಲ್ಲಿ ಹೇಳುವ ಧೈರ್ಯ ಯಾವ ಇಂಜಿನಿಯರಿಗೂ ಬಾರದು.

ನೀತಿಯೆಂಬುದು ದಿಲ್ಲಿಯಲ್ಲಿ ಒಂದು ರೂಪದಲ್ಲಿರುತ್ತದೆ, ನಮ್ಮ ಬೈಲಿಗೆ ಬರುವಾಗ ಇನ್ನೊಂದು ರೂಪ ತಾಳುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಕೆಳಗಿನ ಬೈಲಿನಲ್ಲಿ ಭತ್ತದ ಗದ್ದೆಗಳಿದ್ದುವು. ಆಳು ಸಿಗದೆ, ಭತ್ತಕ್ಕೆ ಬೆಲೆಯಿಲ್ಲದೆ, ಒಂದೊಂದಾಗಿ ಅವೆಲ್ಲ ಕಂಗಿನ ತೋಟಗಳಾದುವು. ಈಗ ಹೊಗೆಯ ಲೆಕ್ಕದವರನ್ನು ಕೇಳಿರಿ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ ಮಿಥೇನ್ ಎಂಬ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮಿಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ಗದ್ದೆ ಹೋದುದರಿಂದ ಆ ಮಿಥೇನ್ ಹೋಯಿತು. ಮರಗಳು ಬಂದುದರಿಂದ ಇಂಗಾಲ ಹೀರಿತು. ಲೆಕ್ಕದ ಪುಸ್ತಕದಲ್ಲಿ ನಮಗೆ ಲಾಭ. ಆದರೆ ಆ ಗದ್ದೆಗಳು ನಾಲ್ಕು ತಿಂಗಳು ಮಳೆನೀರನ್ನು ಬದುಗಳೊಳಗೆ ಹಿಡಿದಿಟ್ಟು ನೆಲಕ್ಕೆ ಉಣಿಸುತ್ತಿದ್ದುವು. ಈಗ ಅದೇ ನೀರು ತೋಟದ ಕಣಿಗಳಲ್ಲಿ ಓಡಿ, ಒಂದೇ ದಿನದಲ್ಲಿ ಕುಮಾರಧಾರೆಯನ್ನು ಸೇರುತ್ತದೆ. ಮಾರ್ಚ್ ತಿಂಗಳಿಗೆ ಬಾವಿಯ ತಳ ಕಾಣುತ್ತದೆ. ಬಾವಿ ಬತ್ತಿದವನು ಕೊಳವೆಬಾವಿ ತೋಡಿಸುತ್ತಾನೆ. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ತು ಉಚಿತ. ಪಂಪು ಹಗಲೂ ರಾತ್ರಿಯೂ ನಡೆಯುತ್ತದೆ. ಆ ವಿದ್ಯುತ್ತಿನ ಹಿಂದೆ ಕಲ್ಲಿದ್ದಲಿನ ಹೊಗೆಯಿದೆ. ಹೊಗೆಯ ಲೆಕ್ಕವನ್ನೂ ನೀರಿನ ಲೆಕ್ಕವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯುವವರು ಈ ಸುತ್ತನ್ನು ಕಾಣಲಾರರು.

ಹಿಂದಿನವರು ಎರಡನ್ನೂ ಒಂದೇ ಕೆಲಸದಿಂದ ತೂಗಿಸುತ್ತಿದ್ದರು. ಗುಡ್ಡದ ತಗ್ಗುಗಳಲ್ಲಿ ಮದಕಗಳೆಂಬ ಕೆರೆಗಳಿದ್ದುವು. ಮಳೆಗಾಲ ಮುಗಿದೊಡನೆ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣುಗಳಿಂದ ಕಟ್ಟ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಕಾಸರಗೋಡಿನ ಏತಡ್ಕದಲ್ಲಿ ಈ ಪದ್ಧತಿ ಇಂದಿಗೂ ಹೆಸರಾಗಿದೆ. ಬಂಟವಾಳ ತಾಲ್ಲೂಕಿನ ಅಡ್ಯನಡ್ಕದ ಕಡೆ ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಿವೆ. ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಸುರಂಗಗಳನ್ನು ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಸುರಂಗದ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಅದಕ್ಕೆ ಪಂಪು ಬೇಡ, ಕಲ್ಲಿದ್ದಲೂ ಬೇಡ.

ಮಿಥೇನಿನ ಮಾತು ಬಂದುದರಿಂದ ನಮ್ಮ ಹಟ್ಟಿಯ ವಿಷಯವನ್ನು ಹೇಳಬೇಕು. 1981–82ರಲ್ಲಿ ಕೇಂದ್ರ ಸರಕಾರ ಗೋಬರ್ ಅನಿಲದ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ತಂದೆಯವರು ಸಹಾಯಧನ ಪಡೆದು ಹಟ್ಟಿಯ ಬದಿಯಲ್ಲಿ ‘ದೀನಬಂಧು’ ಮಾದರಿಯ ಗುಂಡಿಯನ್ನು ಕಟ್ಟಿಸಿದರು. ಆಗ ಹಟ್ಟಿಯಲ್ಲಿ ಏಳು ದನಗಳಿದ್ದುವು. ದಿನಕ್ಕೆ ಸುಮಾರು ಐವತ್ತು ಕಿಲೋ ಸೆಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಬಿಟ್ಟರೆ ಎರಡು ಘನಮೀಟರ್ ಅನಿಲ. ಒಂದು ಮನೆಯ ಅಡುಗೆಗೆ ಸಾಕು. ಮೊದಲನೆಯ ದಿನ ನೀಲಿ ಜ್ವಾಲೆ ಕಾಣಿಸಿಕೊಂಡಾಗ ತಾಯಿಯವರು ಅದರ ಮೇಲೆ ಹಾಲಿಟ್ಟರು. ಅಜ್ಜಿಯವರು ಸೆಗಣಿಯ ಬೆಂಕಿಯಲ್ಲಿ ಕಾಸಿದ ಹಾಲು ದೇವರಿಗೆ ಸಲ್ಲುತ್ತದೆಯೇ ಎಂದು ಸಂಶಯಪಟ್ಟರು. ಸೆಗಣಿಯಷ್ಟು ಶುದ್ಧವಾದುದು ಬೇರೆ ಯಾವುದಿದೆ ಎಂದು ತಾಯಿಯವರೇ ತೀರ್ಪು ಕೊಟ್ಟರು. ಅಂದಿನಿಂದ ಮಳೆಗಾಲದಲ್ಲಿ ಹಸಿಸೌದೆಯನ್ನು ಊದಿ ಊದಿ ಅವರ ಕಣ್ಣು ಕೆಂಪಾಗುವುದು ನಿಂತಿತು. ಹೊರಬಂದ ಸ್ಲರಿ ಕಂಗಿನ ಬುಡಕ್ಕೆ ಹೋಗುತ್ತಿತ್ತು. ಗೊಬ್ಬರದ ಗುಂಡಿಯಲ್ಲಿ ಕೊಳೆತು ಗಾಳಿಗೆ ಸೇರುವ ಮಿಥೇನನ್ನು ಹಿಡಿದು ಉರಿಸುತ್ತಿದ್ದೇವೆಂದು ಆಗ ಯಾರೂ ನಮಗೆ ಹೇಳಲಿಲ್ಲ. ಹವಾಮಾನವೆಂಬ ಶಬ್ದವನ್ನು ನಾವು ಕೇಳುತ್ತಿದ್ದುದು ಆಕಾಶವಾಣಿಯ ವಾರ್ತೆಗಳ ಕೊನೆಯಲ್ಲಿ ಮಾತ್ರ. ಹೊಗೆ ತಗ್ಗಿಸುವ ನೀತಿಗಳಲ್ಲಿ ನಾನು ಕಂಡ ಅತ್ಯುತ್ತಮವಾದುದು ಇದೇ. ಏಕೆಂದರೆ ಅದು ಯಾರಿಗೂ ಉಪದೇಶ ಮಾಡಲಿಲ್ಲ. ಅಡುಗೆಯವಳ ಕಣ್ಣನ್ನು ಉಳಿಸಿತು, ತೋಟಕ್ಕೆ ಗೊಬ್ಬರ ಕೊಟ್ಟಿತು.

ಹಾಗಾದರೆ ಈಗ ಅವೆಲ್ಲ ಏಕೆ ಹಾಳುಬಿದ್ದಿವೆ? ಸಿಲಿಂಡರು ಮನೆಬಾಗಿಲಿಗೆ ಬಂದಿತು. ಮಕ್ಕಳು ಬೆಂಗಳೂರಿಗೆ ಹೋದರು. ದನಗಳಿಗೆ ಸೊಪ್ಪು ಹುಲ್ಲು ತರುತ್ತಿದ್ದ ಕುಮ್ಕಿಯ ಗುಡ್ಡಗಳು ರಬ್ಬರ್ ತೋಟಗಳಾದುವು. ಏಳು ದನಗಳು ಎರಡಾದುವು. ಎರಡು ದನಗಳ ಸೆಗಣಿಗೆ ಆ ಗುಂಡಿ ತುಂಬುವುದಿಲ್ಲ. ಇತ್ತ ಬೆಂಗಳೂರಿನ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ‘ಹರಿತ್ ಧಾರಾ’ ಎಂಬ ಪಶು ಆಹಾರವನ್ನು ತಯಾರಿಸಿದ್ದಾರೆ. ಅದನ್ನು ತಿಂದ ದನ ಮೆಲುಕುಹಾಕುವಾಗ ಬಾಯಿಂದ ಬಿಡುವ ಮಿಥೇನ್ ನೂರಕ್ಕೆ 17ರಿಂದ 20ರಷ್ಟು ತಗ್ಗುತ್ತದೆಯಂತೆ. ಒಳ್ಳೆಯ ಕೆಲಸ. ಅದನ್ನು ತಿನ್ನಲು ದನವಿದ್ದರಾಯಿತು.

ಕಳೆದ ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಈ ವಿಷಯ ಚರ್ಚೆಯಲ್ಲಿದೆ. ಉಳಿದ ಎರಡು ದನಗಳನ್ನೂ ಕೊಟ್ಟುಬಿಡೋಣವೆಂದು ಮಗನು ಬೆಂಗಳೂರಿನಿಂದ ಫೋನಿನಲ್ಲಿ ಹೇಳುತ್ತಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ; ಬೆಳಗ್ಗೆ ಐದಕ್ಕೆ ಎದ್ದು ಹಟ್ಟಿ ಬಾಚುವವಳು ಅವನ ತಾಯಿ, ಅವಳ ಮೊಣಕಾಲಿನ ನೋವು ಅವನಿಗೆ ಗೊತ್ತು. ಅವಳಾದರೋ, “ದನ ಕೊಟ್ಟ ಮೇಲೆ ತೋಟಕ್ಕೆ ಏನು ಹಾಕುತ್ತೀರಿ? ಚೀಲದ ಗೊಬ್ಬರವೇ?” ಎಂದು ಕೇಳುತ್ತಾಳೆ. ಆ ಗೊಬ್ಬರದ ಸಾರಜನಕದಿಂದ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಏಳುತ್ತದೆಂದೂ, ಅದು ಮಿಥೇನಿಗಿಂತಲೂ ಉಗ್ರವೆಂದೂ ನಾನು ಹೇಳಹೊರಟರೆ ಇಬ್ಬರೂ ನನ್ನ ಮೇಲೆಯೇ ಬೀಳುತ್ತಾರೆ. ಕೊನೆಗೆ ನೆರೆಮನೆಯವರೊಡನೆ ಒಂದು ಒಪ್ಪಂದವಾಯಿತು. ಅವರಲ್ಲಿ ಮೂರು ದನಗಳಿವೆ. ಅವರ ಸೆಗಣಿಯೂ ನಮ್ಮ ಗುಂಡಿಗೇ ಬರುವುದು. ಸ್ಲರಿ ಎರಡು ತೋಟಗಳಿಗೆ ಸಮಪಾಲು. ಅನಿಲ ನಮ್ಮ ಮನೆಗೆ. ಅದರ ಬದಲಿಗೆ ಅವರ ದನಗಳನ್ನೂ ಸೇರಿಸಿ ಒಬ್ಬ ಕೆಲಸದಾಳಿನ ಸಂಬಳದಲ್ಲಿ ಹೆಚ್ಚಿನ ಪಾಲು ನಮ್ಮದು. ಪ್ಯಾರಿಸ್ ಒಪ್ಪಂದಕ್ಕಿಂತ ಇದನ್ನು ಕುದುರಿಸುವುದು ಸುಲಭವೇನೂ ಆಗಿರಲಿಲ್ಲ.

ಗುಂಡಿಯ ಗುಮ್ಮಟ ಬಿರುಕು ಬಿಟ್ಟಿತ್ತು. ದೀನಬಂಧು ಗುಮ್ಮಟವನ್ನು ಕಟ್ಟಬಲ್ಲ ಮೇಸ್ತ್ರಿಗಳು ಈಗ ಈ ಭಾಗದಲ್ಲಿ ಬೆರಳೆಣಿಕೆಯಷ್ಟು. ಅಂಥವರೊಬ್ಬರು 2025ರ ಮೇ ತಿಂಗಳಿನಲ್ಲಿ ಬಂದು, ಗುಮ್ಮಟವನ್ನು ಸುತ್ತಿಗೆಯಿಂದ ಮೆಲ್ಲನೆ ಬಡಿದು, ಕಿವಿಗೊಟ್ಟು ಕೇಳಿ, ಒಡೆಯಬೇಕಾಗಿಲ್ಲ, ಒಳಗಿನಿಂದ ಗಾರೆ ಮಾಡಿದರೆ ಸಾಕೆಂದರು. ಹತ್ತು ದಿನ ಬಿಸಿಲು ಬೇಕು, ಜೂನ್ ಮೊದಲ ವಾರಕ್ಕೆ ಮುಗಿಸಿಕೊಡುತ್ತೇನೆಂದು ದಿನ ಗೊತ್ತುಮಾಡಿ ಹೋದರು. ಸಿಮೆಂಟು ಬಂದಿಳಿದ ಮರುದಿನವೇ ಮಳೆ ಹಿಡಿಯಿತು. ಮೂಟೆಗಳನ್ನು ಅಟ್ಟಕ್ಕೆ ಏರಿಸಿದೆವು. ಆಟಿ ಕಳೆದು, ಸೋಣ ಕಳೆದು, ದೀಪಾವಳಿಯ ಬಳಿಕ ಮೇಸ್ತ್ರಿಯವರು ಮತ್ತೆ ಬಂದಾಗ ಎರಡು ಮೂಟೆ ಸಿಮೆಂಟು ತಂಪಿಗೆ ಕಲ್ಲಾಗಿತ್ತು. ಉಳಿದುದರಲ್ಲಿ ಅವರು ಕೆಲಸ ತೊಡಗಿದರು. ಜತೆಗೆ ತಮ್ಮ ಮಗನನ್ನೂ ಕರೆತಂದಿದ್ದರು. ಗುಂಡಿಯೊಳಗೆ ಇಳಿದುದು ಅವನೇ.